ಮಣ್ಣಿನೊಳಗಣ ಒಕ್ಕಲು

ಅನ್ನದ ಮಾತು ಬಂದಾಗ ನಾವು ಮಳೆಯನ್ನು ನೆನೆಯುತ್ತೇವೆ, ಎತ್ತನ್ನು ನೆನೆಯುತ್ತೇವೆ, ಉತ್ತು ಬಿತ್ತಿದವನನ್ನೂ ನೆಟ್ಟು ಕೊಯ್ದವಳನ್ನೂ ನೆನೆಯುತ್ತೇವೆ. ಇವರೆಲ್ಲರಿಗಿಂತ ಮೊದಲೇ ಗದ್ದೆಯಲ್ಲಿ ಬಂದು ನೆಲಸಿ, ಹಗಲಿರುಳೆನ್ನದೆ ದುಡಿಯುತ್ತಿರುವ ಇನ್ನೊಂದು ಒಕ್ಕಲಿದೆ. ಅದಕ್ಕೆ ಗೇಣಿಚೀಟಿಯಿಲ್ಲ; ಪಹಣಿಯಲ್ಲಿ ಹೆಸರಿಲ್ಲ; ಬರಿಗಣ್ಣಿಗೆ ಕಾಣುವ ರೂಪವೂ ಇಲ್ಲ. ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆಯಾಗಿ ಬಾಳುವ ಬ್ಯಾಕ್ಟೀರಿಯಾಗಳೇ ಆ ಒಕ್ಕಲು. ಬ್ಯಾಕ್ಟೀರಿಯಾ ಎಂದೊಡನೆ ರೋಗವನ್ನೇ ನೆನೆದು ಬೆಚ್ಚುವುದು ನಮ್ಮಲ್ಲಿ ರೂಢಿ. ಆದರೆ ಅವುಗಳಲ್ಲಿ ಮನುಷ್ಯನಿಗೆ ಕೇಡು ಬಗೆಯುವವು ಕೆಲವೇ ಕೆಲವು. ಉಪಕಾರ ಮಾಡುವವು ಅಸಂಖ್ಯ.

ಈ ಸೂಕ್ಷ್ಮಜೀವಿಗಳ ನೆರವನ್ನು ಪಡೆದು, ಭತ್ತದ ಗದ್ದೆಗೆ ಹಾಕುವ ರಾಸಾಯನಿಕ ಗೊಬ್ಬರವನ್ನು ಕಡಿಮೆ ಮಾಡಬಹುದೇ? ಮಾಡಬಹುದಾದರೆ ಎಷ್ಟರ ಮಟ್ಟಿಗೆ? ಹಾಗೆ ಮಾಡುವಾಗ ಬೆಳೆ ಕೈಕೊಟ್ಟರೆ ಅದರ ಹೊಣೆ ಯಾರದು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದೆ. ಮೊದಲ ಎರಡಕ್ಕೆ ವಿಜ್ಞಾನವು ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಮೂರನೆಯದನ್ನು ಕೇಳುವವರೇ ಕಡಿಮೆ. ಆದರೆ ಇಡೀ ವಿಷಯದ ಗಂಟು ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯ ಕನ್ನಡ ಶಾಲೆಯೊಂದರ ವಾರ್ಷಿಕ ಸಂಚಿಕೆಗೂ ಭತ್ತದ ಗೊಬ್ಬರಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧ ಎರಡು ಬಗೆಯದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆತನಗಳು ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆಯ ಬೈಲುಗದ್ದೆಗಳನ್ನು ಬಿಟ್ಟು ಈ ನಗರಕ್ಕೆ ಬಂದವು. ಆ ಗದ್ದೆಗಳ ಮೇಲಿನ ಹಕ್ಕು, ಅಲ್ಲಿ ಉಳಿದ ಅಣ್ಣತಮ್ಮಂದಿರು, ಮೇ ತಿಂಗಳಿನ ರಜೆ ಇವೆಲ್ಲವೂ ಇನ್ನೂ ನಮ್ಮನ್ನು ಆ ಮಣ್ಣಿಗೆ ಕಟ್ಟಿಹಾಕಿವೆ. ಇನ್ನೊಂದು ಸಂಬಂಧ ಇಲ್ಲಿಯೇ, ಚೆಂಬೂರಿನಾಚೆಯ ಟ್ರಾಂಬೆಯಲ್ಲಿದೆ. 1965ರಲ್ಲಿ ಅಲ್ಲಿ ತಯಾರಿಕೆಯನ್ನು ಆರಂಭಿಸಿದ ಗೊಬ್ಬರದ ಕಾರ್ಖಾನೆಯು ದೇಶದ ಲಕ್ಷಾಂತರ ಹೊಲಗದ್ದೆಗಳಿಗೆ ಯೂರಿಯಾವನ್ನು ಒದಗಿಸಿದೆ. ಗದ್ದೆಯನ್ನು ಬಿಟ್ಟು ಬಂದವರ ನಗರವೇ ಗದ್ದೆಗೆ ಗೊಬ್ಬರವನ್ನು ಕಳುಹಿಸುವ ನಗರವೂ ಆಯಿತು. ಆದುದರಿಂದ ಈ ವಿಚಾರವು ನಮಗೆ ಪರಕೀಯವಲ್ಲ.

ಮೊದಲಿಗೆ ಉಪಕಾರಸ್ಮರಣೆ. ಯಾವ ಬೆಳೆಗಾದರೂ ಸಾರಜನಕ ಬೇಕು. ಎಲೆಯ ಹಸಿರೂ ಕಾಳಿನ ಸತ್ವವೂ ಅದರಿಂದಲೇ ಆಗತಕ್ಕವು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಒಂದು ಹೆಕ್ಟೇರು ಗದ್ದೆಯ ಮೇಲೆ ನಿಂತಿರುವ ಗಾಳಿಯನ್ನು ತೂಗಿದರೆ ಅದರಲ್ಲಿ ಸುಮಾರು 75,000 ಟನ್ನು ಸಾರಜನಕ ಸಿಕ್ಕೀತು. ಆದರೆ ಬೆಳೆಗೆ ಬೇಕಾದುದು ಅದರಲ್ಲಿ ನೂರು ಕಿಲೋಗ್ರಾಮಿನಷ್ಟು ಮಾತ್ರ, ಅದೂ ಅದಕ್ಕೆ ದಕ್ಕುವುದಿಲ್ಲ! ಸಾರಜನಕದ ಎರಡೆರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಂಡಿರುವುದರಿಂದ ಆ ಹಿಡಿತವನ್ನು ಬಿಡಿಸುವ ಶಕ್ತಿ ಭತ್ತದ ಗಿಡಕ್ಕಿಲ್ಲ. ಸಮುದ್ರದ ನಡುವೆ ನಿಂತು ಬಾಯಾರಿದವನ ಪಾಡು ಅದರದು.

ಜರ್ಮನಿಯ ಫ್ರಿಟ್ಸ್ ಹೇಬರ್ ಎಂಬ ವಿಜ್ಞಾನಿಯು 1909ರಲ್ಲಿ ಈ ಹಿಡಿತವನ್ನು ಬಿಡಿಸುವ ಬಗೆಯನ್ನು ತೋರಿಸಿದನು. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ, ಭಾರಿ ಒತ್ತಡದಲ್ಲಿ ನಾನೂರು ಐನೂರು ಡಿಗ್ರಿಗಳಷ್ಟು ಕಾಯಿಸಿ ಅಮೋನಿಯಾವನ್ನು ಪಡೆಯುವ ವಿಧಾನವದು. ಕಾರ್ಲ್ ಬಾಷ್ ಎಂಬಾತನು ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದುದರಿಂದ 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ನಡೆಯತೊಡಗಿತು. ನಮ್ಮ ನಾಡಿನಲ್ಲಿಯೂ ಸ್ವಾತಂತ್ರ್ಯಕ್ಕೆ ಮುನ್ನವೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಇಂತಹ ಗೊಬ್ಬರದ ತಯಾರಿಕೆ ನಡೆದಿತ್ತು. 1951ರಲ್ಲಿ ಸಿಂದ್ರಿಯ ಕಾರ್ಖಾನೆಯೂ 1965ರಲ್ಲಿ ಟ್ರಾಂಬೆಯದೂ ಬಂದವು. 1966ರಲ್ಲಿ ಐ.ಆರ್. 8 ಎಂಬ ಗಿಡ್ಡ ತಳಿಯ ಭತ್ತವು ಹೊರಬಿದ್ದಿತು. ಎಷ್ಟು ಗೊಬ್ಬರ ಕೊಟ್ಟರೂ ನೆಲಕ್ಕೊರಗದೆ ತೆನೆ ಹೊರಬಲ್ಲ ಆ ತಳಿಗೂ ಯೂರಿಯಾಕ್ಕೂ ಚೆನ್ನಾಗಿ ಹೊಂದಿಕೊಂಡಿತು. ಹೊರದೇಶದ ಹಡಗಿನಲ್ಲಿ ಬರುವ ಧಾನ್ಯಕ್ಕಾಗಿ ಕಾದುಕುಳಿತಿದ್ದ ಜನರ ಹಸಿವು ಹಿಂಗಿದುದರಲ್ಲಿ ಈ ಬಿಳಿಯ ಹರಳಿನ ಪಾಲು ಸಣ್ಣದಲ್ಲ. ಯೂರಿಯಾವನ್ನು ವಿಷವೆಂದು ಹಳಿಯುವವರು ಈ ಋಣವನ್ನು ಮರೆತು ಮಾತನಾಡುತ್ತಾರೆ.

ಋಣವನ್ನು ಒಪ್ಪಿದ ಮೇಲೆ ದೋಷವನ್ನೂ ಹೇಳಬೇಕಷ್ಟೆ. ಭತ್ತದ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಗಿಡಕ್ಕೆ ದಕ್ಕುವುದು ಸಾಮಾನ್ಯವಾಗಿ ಮೂರರಲ್ಲೊಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು. ಉಳಿದುದರಲ್ಲಿ ಒಂದಷ್ಟು ಮಣ್ಣಿನಲ್ಲಿ ನಿಲ್ಲುವುದು. ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹಾರುವುದು. ಒಂದಷ್ಟು ನೀರಿನೊಡನೆ ಕೆಳಗಿಳಿದು ತೋಡನ್ನೂ ಬಾವಿಯನ್ನೂ ಸೇರುವುದು. ಸ್ವಲ್ಪ ಭಾಗವು ನೈಟ್ರಸ್ ಆಕ್ಸೈಡ್ ಆಗಿ ಆಕಾಶಕ್ಕೇರುತ್ತದೆ. ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಈ ಅನಿಲವು ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಬಲಶಾಲಿ. ಹೆಚ್ಚು ಯೂರಿಯಾ ಉಂಡ ಪೈರು ಕಣ್ಣಿಗೆ ಕಡುಹಸಿರಾಗಿ ತೋರಿದರೂ ಒಳಗೆ ಮೆತ್ತಗಾಗಿರುವುದು. ಬೆಂಕಿರೋಗಕ್ಕೂ ಕಂದು ಜಿಗಿಹುಳುವಿಗೂ ಅದೇ ಪ್ರಿಯವಾದ ಆಹಾರ. ಅಲ್ಲದೆ ಯೂರಿಯಾದ ತಯಾರಿಕೆಗೆ ಬೇಕಾದ ನೈಸರ್ಗಿಕ ಅನಿಲದ ದೊಡ್ಡ ಪಾಲನ್ನು ನಾವು ಹೊರದೇಶಗಳಿಂದ ಕೊಳ್ಳಬೇಕಾಗಿದೆ. ದೂರದೇಶದಲ್ಲಿ ಯುದ್ಧ ಮೊಳಗಿದರೆ ನಮ್ಮೂರಿನ ಗೊಬ್ಬರದಂಗಡಿಯ ಮುಂದೆ ಸಾಲು ಬೆಳೆಯುವುದನ್ನು ಕಂಡಿದ್ದೇವೆ.

ಕರಾವಳಿಯಲ್ಲಿ ಈ ದೋಷವು ಇಮ್ಮಡಿಯಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ನಾಡು ಅದು. ಅದರ ಬಹುಪಾಲು ಸುರಿಯುವುದು ಏಣಿಲು ಬೆಳೆ ನಿಂತಿರುವ ನಾಲ್ಕು ತಿಂಗಳಲ್ಲಿ. ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಲ್ಲಿ ಮೇಲಿನವನು ಎರಚಿದ ಗೊಬ್ಬರವು ರಾತ್ರಿ ಬೆಳಗಾಗುವುದರೊಳಗೆ ಕೆಳಗಿನವನ ಗದ್ದೆಯನ್ನು ದಾಟಿ ಹೊಳೆ ಸೇರುವುದುಂಟು. ಮಣ್ಣು ಹುಳಿ, ಮುರಕಲ್ಲಿನ ಜಾತಿಯದು. ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅದರಲ್ಲಿ ಹೇರಳ. ಹಾಕಿದ ರಂಜಕವನ್ನು ಅವು ಬಿಗಿಹಿಡಿದು ಬೇರಿಗೆ ಎಟುಕದಂತೆ ಮಾಡುತ್ತವೆ. ಹೀಗೆ ಸಾರಜನಕವು ಹರಿದುಹೋಗುವ, ರಂಜಕವು ಸೆರೆಯಾಗುವ ನೆಲದಲ್ಲಿ ಮೂಟೆಯ ಮೇಲೆ ಮೂಟೆ ಸುರಿಯುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಮಣ್ಣಿನೊಳಗಣ ಒಕ್ಕಲಿನ ಪ್ರಸ್ತಾಪ ಬರುವುದು ಇಲ್ಲಿ. ಹೇಬರನು ಬೆಂಕಿಯಿಂದಲೂ ಒತ್ತಡದಿಂದಲೂ ಮಾಡಿದ ಕೆಲಸವನ್ನು ಕೆಲವು ಬ್ಯಾಕ್ಟೀರಿಯಾಗಳು ತಂಪು ಕೆಸರಿನಲ್ಲಿ ಸದ್ದಿಲ್ಲದೆ ಮಾಡುತ್ತವೆ. ನೈಟ್ರೋಜಿನೇಸ್ ಎಂಬ ಕಿಣ್ವವು ಅವುಗಳ ಕೈಯಲ್ಲಿರುವ ಕೀಲಿಕೈ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ಈ ಕಾರ್ಯ ನಡೆಯುತ್ತದೆಂಬುದನ್ನು 1886ರಲ್ಲಿ ಹೆಲ್‌ರೀಗಲ್ ಎಂಬ ಜರ್ಮನ್ ವಿಜ್ಞಾನಿಯು ಲೋಕಕ್ಕೆ ತಿಳಿಸಿದನು. ಎರಡು ವರ್ಷಗಳ ತರುವಾಯ ಹಾಲೆಂಡಿನ ಬೈಜೆರಿಂಕನು ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದನು. ಹೆಸರು, ಉದ್ದು, ಹುರುಳಿ ಬೆಳೆದ ಗದ್ದೆಯಲ್ಲಿ ಮುಂದಿನ ಭತ್ತ ಹುಲುಸಾಗಿ ಬರುವುದೆಂದು ನಮ್ಮ ಹಿರಿಯರು ಅನುಭವದಿಂದ ಬಲ್ಲ ಮಾತಿಗೆ ಹೀಗೆ ಕಾರಣ ದೊರೆಯಿತು.

ಭತ್ತಕ್ಕೆ ಬೇರುಗಂಟುಗಳಿಲ್ಲ. ಆದರೂ ಗೊಬ್ಬರವನ್ನೇ ಕಾಣದ ಗದ್ದೆಗಳು ನೂರಾರು ವರ್ಷ ಒಂದಿಷ್ಟಾದರೂ ಬೆಳೆ ಕೊಡುತ್ತ ಬಂದಿವೆಯಲ್ಲ, ಅದು ಹೇಗೆ? ಈ ಒಗಟನ್ನು ಬಿಡಿಸಿದವರಲ್ಲಿ ನಮ್ಮವರೂ ಇದ್ದರು. ಬಂಗಾಳದ ಗದ್ದೆಮಣ್ಣನ್ನು ಪರೀಕ್ಷಿಸಿದ ಪಿ. ಕೆ. ಡೇ ಅವರು, ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆಂದು 1939ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾಚಿಯೆಂದು ಕರೆದರೂ ಅದು ನಿಜವಾಗಿ ಬ್ಯಾಕ್ಟೀರಿಯಾಗಳ ವರ್ಗಕ್ಕೇ ಸೇರಿದುದೆಂದು ಈಗ ತಿಳಿದಿದೆ. ವಾರಾಣಸಿಯಲ್ಲಿ ಆರ್. ಎನ್. ಸಿಂಗ್ ಅವರೂ ದಿಲ್ಲಿಯಲ್ಲಿ ಜಿ. ಎಸ್. ವೆಂಕಟರಾಮನ್ ಅವರೂ ಈ ಕೆಲಸವನ್ನು ಮುಂದುವರಿಸಿದರು. ಇತ್ತ ಬೈಜೆರಿಂಕನು 1925ರಲ್ಲಿ ವರ್ಣಿಸಿ, ಬಹುಕಾಲ ಯಾರೂ ತಿರುಗಿ ನೋಡದಿದ್ದ ಸುರುಳಿಯಾಕಾರದ ಬ್ಯಾಕ್ಟೀರಿಯಾವೊಂದನ್ನು, 1970ರ ದಶಕದಲ್ಲಿ ಬ್ರೆಜಿಲ್ ದೇಶದ ಜೊಹಾನ ಡೋಬೆರೈನರ್ ಎಂಬ ಮಹಿಳಾ ವಿಜ್ಞಾನಿಯು ಹುಲ್ಲಿನ ಜಾತಿಯ ಬೇರುಗಳಲ್ಲಿ ಮತ್ತೆ ಕಂಡರು. 1978ರಲ್ಲಿ ಅದಕ್ಕೆ ಅಜೋಸ್ಪಿರಿಲಮ್ ಎಂಬ ಹೆಸರಾಯಿತು. ಭತ್ತವೂ ಹುಲ್ಲಿನ ಜಾತಿಯೇ. ಇಂದು ನಮ್ಮ ಕೃಷಿ ಇಲಾಖೆಗಳು ಭತ್ತಕ್ಕೆಂದು ಹಂಚುವ ಪೊಟ್ಟಣಗಳಲ್ಲಿ ಮುಖ್ಯವಾಗಿ ಇರುವುದು ಈ ಅಜೋಸ್ಪಿರಿಲಮ್ ಮತ್ತು ರಂಜಕವನ್ನು ಕರಗಿಸಿಕೊಡುವ ಬೇರೆ ಬ್ಯಾಕ್ಟೀರಿಯಾಗಳು.

ಇವುಗಳನ್ನು ಬಳಸುವ ಕ್ರಮ ಸುಲಭ. ಬೀಜಕ್ಕೆ ಲೇಪಿಸಬಹುದು, ಹಟ್ಟಿಗೊಬ್ಬರದಲ್ಲಿ ಕಲಸಿ ನಾಟಿಗೆ ಮೊದಲು ಗದ್ದೆಗೆ ಎರಚಬಹುದು, ಎಲ್ಲಕ್ಕಿಂತ ಒಳ್ಳೆಯದು, ಕಿತ್ತ ನೇಜಿಯ ಕಟ್ಟುಗಳ ಬೇರನ್ನು ಬ್ಯಾಕ್ಟೀರಿಯಾ ಕದಡಿದ ನೀರಿನಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ ಅದ್ದಿಟ್ಟು ನೆಡುವುದು. ಬೇರಿಗೆ ಅಂಟಿಕೊಂಡ ಅವು ಅಲ್ಲಿಯೇ ಸಂಸಾರ ಹೂಡುತ್ತವೆ. ರಾಸಾಯನಿಕ ಗೊಬ್ಬರದೊಡನೆ ಬೆರೆಸಿ ಎರಚಬಾರದು, ಬಿಸಿಲಿಗೆ ಒಡ್ಡಬಾರದು ಎಂಬ ಎರಡು ಎಚ್ಚರಗಳು ಸಾಕು.

ಈಗ ಪ್ರಚಾರಕರು ಹೇಳದೆ ಬಿಡುವ ಸಂಗತಿಯೊಂದನ್ನು ಹೇಳಬೇಕಾಗಿದೆ. ಅಜೋಸ್ಪಿರಿಲಮ್ ಗಾಳಿಯಿಂದ ಸಾರಜನಕವನ್ನು ಹಿಡಿದು ಗಿಡದ ಬಾಯಿಗೆ ತುರುಕುತ್ತದೆಂಬ ಚಿತ್ರವು ಅರ್ಧ ಸತ್ಯ ಮಾತ್ರ. ಅದು ಹಾಗೆ ಕೊಡುವ ಸಾರಜನಕವು ಅಲ್ಪ. ಅದರ ದೊಡ್ಡ ಉಪಕಾರ ಬೇರೆಯೇ ಇದೆ. ಬೇರನ್ನು ಬೆಳೆಸುವ ಒಂದು ಬಗೆಯ ರಸವನ್ನು ಅದು ಸ್ರವಿಸುತ್ತದೆ. ಅದರಿಂದ ಬೇರಿಗೆ ಕವಲು ಹೆಚ್ಚುವುದು. ಕವಲಿಗೆ ರೋಮ ಹೆಚ್ಚುವುದು. ಗಿಡವು ಮಣ್ಣಿನಲ್ಲಿ ಹೆಚ್ಚು ದೂರಕ್ಕೆ ಕೈಚಾಚುವುದು. ಮೂರರಲ್ಲಿ ಒಂದು ಪಾಲು ಗೊಬ್ಬರವನ್ನಷ್ಟೆ ಹಿಡಿಯುತ್ತಿದ್ದ ಬೇರು ಈಗ ಇನ್ನಷ್ಟನ್ನು ಹಿಡಿಯಬಲ್ಲುದು. ಗೊಬ್ಬರವನ್ನು ಕಡಿಮೆ ಮಾಡಬಹುದೆಂಬ ಮಾತಿಗೆ ನಿಜವಾದ ಆಧಾರ ಇದು. ಬ್ಯಾಕ್ಟೀರಿಯಾ ಯೂರಿಯಾದ ಸ್ಥಾನಕ್ಕೆ ಬಂದು ಕೂಡುವುದಿಲ್ಲ. ಪೋಲಾಗುತ್ತಿದ್ದ ಯೂರಿಯಾವನ್ನು ಉಳಿಸಿಕೊಡುತ್ತದೆ, ಅಷ್ಟೆ.

ಈ ಒಕ್ಕಲು ದುಡಿಯಬೇಕಾದರೆ ಅದಕ್ಕೂ ಎರಡು ಷರತ್ತುಗಳಿವೆ. ಅದಕ್ಕೆ ಊಟ ಬೇಕು, ಹಸಿವೂ ಬೇಕು. ಊಟವೆಂದರೆ ಮಣ್ಣಿನಲ್ಲಿ ಕೊಳೆಯುವ ಸೊಪ್ಪು, ಸಗಣಿ, ಹುಲ್ಲು. ಸಾರಜನಕದ ಹಿಡಿತವನ್ನು ಬಿಡಿಸಲು ಅಪಾರ ಶಕ್ತಿ ವೆಚ್ಚವಾಗುವುದರಿಂದ ಬರಿಮಣ್ಣಿನಲ್ಲಿ ಅವು ಬಾಳಲಾರವು. ಹಟ್ಟಿಗೊಬ್ಬರವಿಲ್ಲದ ಗದ್ದೆಗೆ ಪೊಟ್ಟಣವನ್ನು ಸುರಿಯುವುದು ಅಕ್ಕಿಯಿಲ್ಲದ ಮನೆಗೆ ನೆಂಟರನ್ನು ಕರೆದಂತೆ. ಹಸಿವು ಬೇಕೆಂಬುದು ಇನ್ನೂ ಮುಖ್ಯವಾದ ಮಾತು. ಸುತ್ತಲೂ ಸಿದ್ಧ ಸಾರಜನಕವು ಧಾರಾಳವಾಗಿದ್ದರೆ ಆ ಬ್ಯಾಕ್ಟೀರಿಯಾಗಳು ಗಾಳಿಯಿಂದ ಅದನ್ನು ಹಿಡಿಯುವ ಕೆಲಸವನ್ನೇ ನಿಲ್ಲಿಸಿಬಿಡುತ್ತವೆ. ತಟ್ಟೆಗೆ ಬಡಿಸಿದ ಮೇಲೆ ಒಲೆ ಹೊತ್ತಿಸುವವರಾರು? ಹಾಗೆಂದಮೇಲೆ ಪೂರ್ಣ ಪ್ರಮಾಣದ ಯೂರಿಯಾವನ್ನೂ ಹಾಕಿ, ಮೇಲೊಂದು ಪೊಟ್ಟಣ ಬ್ಯಾಕ್ಟೀರಿಯಾವನ್ನೂ ಎರಚುವುದು ದುಡ್ಡಿಗೆ ದಂಡ. ಗೊಬ್ಬರವನ್ನು ತಗ್ಗಿಸುವುದು ಈ ವಿಧಾನದಿಂದ ದೊರೆಯುವ ಲಾಭ ಮಾತ್ರವಲ್ಲ. ಈ ವಿಧಾನವು ಫಲಿಸುವುದಕ್ಕೆ ಬೇಕಾದ ನಿಯಮವೂ ಹೌದು. ಶಿಫಾರಸಾದ ಸಾರಜನಕದಲ್ಲಿ ನಾಲ್ಕರಲ್ಲೊಂದು ಪಾಲನ್ನು ತಗ್ಗಿಸಿ ಆ ಜಾಗಕ್ಕೆ ಬ್ಯಾಕ್ಟೀರಿಯಾವನ್ನೂ ಸಾವಯವ ಗೊಬ್ಬರವನ್ನೂ ಕೊಡುವುದು ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಕ್ರಮ. ಅದು ವಿವೇಕದ ಮಿತಿ.

ಮಿತಿ ಎಂಬ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಎರಡು ತುದಿಗಳಲ್ಲಿಯೂ ಜಗತ್ತು ಪಾಠ ಕಲಿತಿದೆ. 1950ರ ದಶಕದಲ್ಲಿ ಸೋವಿಯತ್ ದೇಶವು ರಂಜಕವನ್ನು ಕರಗಿಸುವ ಬ್ಯಾಕ್ಟೀರಿಯಾವೊಂದನ್ನು ಫಾಸ್ಫೋಬ್ಯಾಕ್ಟೀರಿನ್ ಎಂಬ ಹೆಸರಿನಲ್ಲಿ ಭಾರಿ ವಿಸ್ತೀರ್ಣದ ಹೊಲಗಳಲ್ಲಿ ಬಳಸಿ ಬಹಳ ಹೊಗಳಿಕೊಂಡಿತು. ಅಮೆರಿಕದಲ್ಲಿ ಅದನ್ನೇ ಪರೀಕ್ಷಿಸಿ ನೋಡಿದಾಗ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಒಂದು ಮಣ್ಣಿನಲ್ಲಿ ದುಡಿದ ಜೀವಿಯು ಇನ್ನೊಂದು ಮಣ್ಣಿನಲ್ಲಿ ಬಾಳುವುದೆಂಬ ನಿಶ್ಚಯವಿಲ್ಲ ಎಂಬುದು ಮೊದಲ ಪಾಠ. 2021ರಲ್ಲಿ ಶ್ರೀಲಂಕಾ ಸರಕಾರವು ರಾಸಾಯನಿಕ ಗೊಬ್ಬರವನ್ನು ಒಮ್ಮೆಗೇ ನಿಷೇಧಿಸಿತು. ಭತ್ತದ ಇಳುವರಿ ಕುಸಿಯಿತು. ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ವರ್ಷ ಮುಗಿಯುವ ಮುನ್ನವೇ ನಿಷೇಧವನ್ನು ಹಿಂತೆಗೆಯಬೇಕಾಯಿತು. ತಗ್ಗಿಸುವುದು ಬೇರೆ, ತ್ಯಜಿಸುವುದು ಬೇರೆ ಎಂಬುದು ಎರಡನೆಯ ಪಾಠ.

ಇನ್ನು ಮೂರನೆಯ ಪ್ರಶ್ನೆಗೆ ಬರೋಣ. ಸ್ವಲ್ಪ ಲೆಕ್ಕ ಮಾಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಹೆಕ್ಟೇರಿಗೆ 100 ಕಿಲೋಗ್ರಾಂ ಸಾರಜನಕವು ಶಿಫಾರಸಾದ ಗದ್ದೆಯೊಂದನ್ನು ಇಟ್ಟುಕೊಳ್ಳೋಣ. ಅದರಲ್ಲಿ ಕಾಲು ಭಾಗ, ಅಂದರೆ 25 ಕಿಲೋಗ್ರಾಂ ತಗ್ಗಿಸಬೇಕು. ಯೂರಿಯಾದಲ್ಲಿ ಸಾರಜನಕವು ನೂರಕ್ಕೆ 46 ಪಾಲು ಇರುವುದರಿಂದ ಉಳಿಯುವ ಯೂರಿಯಾ ಸುಮಾರು 54 ಕಿಲೋಗ್ರಾಂ. 45 ಕಿಲೋಗ್ರಾಮಿನ ಮೂಟೆಗೆ ರೈತನು ಕೊಡುವ ಬೆಲೆ ಸುಮಾರು 266 ರೂಪಾಯಿ. ಆದುದರಿಂದ ಅವನಿಗೆ ಆಗುವ ಉಳಿತಾಯ ಸುಮಾರು 320 ರೂಪಾಯಿ. ಬ್ಯಾಕ್ಟೀರಿಯಾದ ಪೊಟ್ಟಣಗಳ ಬೆಲೆಯನ್ನು ಕಳೆದರೆ ಇನ್ನೂ ಕಡಿಮೆ. ಇತ್ತ, ಪೊಟ್ಟಣವು ಫಲಿಸದೆ ಹೋಗಿ ಹೆಕ್ಟೇರಿಗೆ 40 ಕ್ವಿಂಟಲ್ ಬರಬೇಕಾದ ಭತ್ತದಲ್ಲಿ ನೂರಕ್ಕೆ 5 ಪಾಲು ತಗ್ಗಿದರೂ ಎರಡು ಕ್ವಿಂಟಲ್ ಹೋಯಿತು. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ನಷ್ಟ 4,600 ರೂಪಾಯಿ. ಮುನ್ನೂರರ ಆಸೆಗೆ ನಾಲ್ಕು ಸಾವಿರದ ಆರುನೂರನ್ನು ಪಣಕ್ಕೊಡ್ಡೆಂದು ಸಣ್ಣ ಹಿಡುವಳಿದಾರನಿಗೆ ನಾವು ಬೋಧಿಸುತ್ತಿದ್ದೇವೆ! ಅವನು ತಲೆಯಾಡಿಸಿ, ಮನೆಗೆ ಹೋಗಿ, ಎಂದಿನಂತೆ ಮೂಟೆಯನ್ನೇ ತಂದು ಸುರಿದರೆ ಅವನನ್ನು ಅಜ್ಞಾನಿಯೆಂದು ಜರೆಯುವುದು ನ್ಯಾಯವೇ? ಲೆಕ್ಕ ಬಲ್ಲವನು ಅವನೇ.

ಆ 54 ಕಿಲೋ ಯೂರಿಯಾ ಉಳಿದುದರಿಂದ ದೇಶಕ್ಕಾಗುವ ಲಾಭವು ಹಾಗಲ್ಲ. ಒಂದು ಮೂಟೆ ಯೂರಿಯಾದ ನಿಜವಾದ ವೆಚ್ಚವು ರೈತನು ಕೊಡುವುದರ ಹಲವು ಪಟ್ಟು. ಉಳಿದುದೆಲ್ಲ ಬೊಕ್ಕಸದಿಂದ ಹೋಗುವ ಹಣ. ಬಾವಿಯ ನೀರು ಶುದ್ಧವಾಗಿ ಉಳಿಯುವುದು ಊರಿನ ಲಾಭ. ಆಕಾಶದ ತಾಪ ತಗ್ಗುವುದು ಲೋಕದ ಲಾಭ. ಲಾಭವು ಎಲ್ಲರದಾಗಿ ಅಪಾಯವು ಒಬ್ಬನದಾಗುವ ವ್ಯವಹಾರವು ಧರ್ಮಸಮ್ಮತವಲ್ಲ. 2023ರಲ್ಲಿ ಕೇಂದ್ರ ಸರಕಾರವು ಒಪ್ಪಿದ ಪಿ.ಎಂ. ಪ್ರಣಾಮ್ ಯೋಜನೆಯಲ್ಲಿ, ರಾಸಾಯನಿಕ ಗೊಬ್ಬರದ ಬಳಕೆಯನ್ನು ತಗ್ಗಿಸಿದ ರಾಜ್ಯಕ್ಕೆ ಉಳಿದ ಸಹಾಯಧನದ ಅರ್ಧ ಭಾಗವನ್ನು ಕೊಡುವ ಏರ್ಪಾಡು ಮಾಡಲಾಯಿತು. ತತ್ತ್ವವು ಒಳ್ಳೆಯದು. ಆದರೆ ಬಹುಮಾನವು ರಾಜಧಾನಿಯಲ್ಲಿಯೇ ನಿಂತು, ಅಪಾಯವು ಮಾತ್ರ ಗದ್ದೆಯ ಬದುವಿನವರೆಗೆ ನಡೆದುಬಂದರೆ ಪ್ರಯೋಜನವೇನು? ಉಳಿದ ಹಣದ ಒಂದು ಪಾಲಿನಿಂದ, ಗೊಬ್ಬರ ತಗ್ಗಿಸಿದ ರೈತನಿಗೆ ಮೊದಲ ಎರಡು ಮೂರು ವರ್ಷ ಇಳುವರಿಯ ಭರವಸೆಯನ್ನು ಕೊಡಬೇಕು. ಬೆಳೆ ತಗ್ಗಿದರೆ ಆ ಕೊರತೆಯನ್ನು ಸಲಹೆ ಕೊಟ್ಟವರೇ ತುಂಬಿಕೊಡಬೇಕು. ಹೀಗಾದಲ್ಲಿ ಸಲಹೆಗಾರನೂ ಎಚ್ಚರದಿಂದ ಮಾತನಾಡುವನು. ರೈತನೂ ಧೈರ್ಯದಿಂದ ಕೇಳುವನು.

ಭರವಸೆಗೆ ಮೊದಲು ಪೊಟ್ಟಣವು ಜೀವಂತವಾಗಿರಬೇಕು. 2006ರಲ್ಲಿ ಜೈವಿಕ ಗೊಬ್ಬರಗಳನ್ನು ಗೊಬ್ಬರ ನಿಯಂತ್ರಣ ಆಜ್ಞೆಯ ಅಧೀನಕ್ಕೆ ತರಲಾಯಿತು. ಅದರಂತೆ ಪುಡಿಯ ರೂಪದ ಬ್ಯಾಕ್ಟೀರಿಯಾ ಗೊಬ್ಬರದ ಒಂದು ಗ್ರಾಮಿನಲ್ಲಿ 5 ಕೋಟಿ ಜೀವಕೋಶಗಳೂ, ದ್ರವರೂಪದ ಒಂದು ಮಿಲಿಲೀಟರಿನಲ್ಲಿ 10 ಕೋಟಿಯೂ ಬದುಕಿರಬೇಕು. ಕಾಗದದ ಮೇಲೆ ಇದು ಸರಿಯಾದ ನಿಯಮ. ಆದರೆ ಜೀವಿಯು ಯೂರಿಯಾದ ಹರಳಲ್ಲ. ಏಪ್ರಿಲ್ ತಿಂಗಳಿನ ಬಿಸಿಲಿನಲ್ಲಿ ಲಾರಿಯ ಮೇಲೆ ಬಂದು, ತಗಡಿನ ಮಾಡಿನ ಗೋದಾಮಿನಲ್ಲಿ ಎರಡು ತಿಂಗಳು ಬಿದ್ದಿದ್ದು, ಜೂನಿನಲ್ಲಿ ರೈತನ ಕೈಸೇರುವ ಪೊಟ್ಟಣದಲ್ಲಿ ಎಷ್ಟು ಕೋಟಿ ಉಳಿದಿರುವುದು? ಸತ್ತ ಪೊಟ್ಟಣವೂ ಬದುಕಿದ ಪೊಟ್ಟಣವೂ ಕಣ್ಣಿಗೆ ಒಂದೇ ಬಣ್ಣದ ಪುಡಿ. ಯೂರಿಯಾ ಹಾಕಿದ ವಾರದಲ್ಲಿ ಎಲೆ ಹಸಿರೇರುವುದನ್ನು ರೈತನು ತನ್ನ ಕಣ್ಣಾರೆ ನೋಡುತ್ತಾನೆ. ಬ್ಯಾಕ್ಟೀರಿಯಾದ ಕೆಲಸವನ್ನು ಅವನು ನಂಬಬೇಕು. ನಂಬಿಕೆಯ ಮೇಲೆ ಮಾರುವ ಸರಕಿನಲ್ಲಿ ಒಂದು ಸಲ ಮೋಸವಾದರೆ ಹತ್ತು ವರ್ಷಗಳ ಪ್ರಚಾರವೂ ಅದನ್ನು ಸರಿಪಡಿಸಲಾರದು. ಆದಕಾರಣ ತಯಾರಾದ ಕಡೆಯಲ್ಲಿ ಮಾತ್ರವಲ್ಲದೆ ಮಾರಾಟದ ಅಂಗಡಿಯಲ್ಲಿಯೂ ಮಾದರಿಯನ್ನೆತ್ತಿ ಎಣಿಸಿ ನೋಡಬೇಕು. ನಾಟಿಯ ಹಂಗಾಮಿಗೆ ಮುನ್ನವೇ ಆ ಫಲಿತಾಂಶವನ್ನು ಹಳ್ಳಿಯ ಸಹಕಾರ ಸಂಘದ ಹಲಗೆಯ ಮೇಲೆ ಬರೆದು ತೂಗಹಾಕಬೇಕು.

ರೈತನೂ ತನ್ನ ಪರೀಕ್ಷೆಯನ್ನು ತಾನೇ ಮಾಡಿಕೊಳ್ಳುವ ದಾರಿಯೊಂದಿದೆ. ಸಾಮಾನ್ಯವಾಗಿ ಪ್ರದರ್ಶನದ ಗದ್ದೆಗಳಲ್ಲಿ ಎರಡು ತಾಕುಗಳನ್ನು ತೋರಿಸುತ್ತಾರೆ: ಒಂದು ಪೂರ್ಣ ಗೊಬ್ಬರದ್ದು, ಇನ್ನೊಂದು ಮುಕ್ಕಾಲು ಗೊಬ್ಬರ ಮತ್ತು ಬ್ಯಾಕ್ಟೀರಿಯಾದ್ದು. ಎರಡರಲ್ಲಿಯೂ ಬೆಳೆ ಸಮವಾದರೆ ಬ್ಯಾಕ್ಟೀರಿಯಾ ಗೆದ್ದಿತೆಂದು ಚಪ್ಪಾಳೆ ತಟ್ಟುತ್ತಾರೆ. ಇದು ಸಾಲದು. ನಡುವೆ ಮೂರನೆಯ ತಾಕೊಂದು ಬೇಕು. ಅದರಲ್ಲಿ ಮುಕ್ಕಾಲು ಗೊಬ್ಬರ ಮಾತ್ರ ಇರಬೇಕು, ಬ್ಯಾಕ್ಟೀರಿಯಾ ಇರಬಾರದು. ಆ ನಡುವಿನ ತಾಕಿನಲ್ಲಿಯೂ ಬೆಳೆ ತಗ್ಗದಿದ್ದರೆ ಅದರ ಅರ್ಥವೇನು? ಗೆದ್ದುದು ಬ್ಯಾಕ್ಟೀರಿಯಾ ಅಲ್ಲ. ಆ ಗದ್ದೆಗೆ ಇಷ್ಟು ವರ್ಷ ಬೇಡದ ಗೊಬ್ಬರವನ್ನು ಸುರಿಯುತ್ತಿದ್ದರು ಎಂದು ಅರ್ಥ. ಅದೂ ದೊಡ್ಡ ಲಾಭದ ತಿಳಿವಳಿಕೆಯೇ! ನಡುವಿನದು ತಗ್ಗಿ, ಬ್ಯಾಕ್ಟೀರಿಯಾದ ತಾಕು ಪೂರ್ಣ ಗೊಬ್ಬರದ ತಾಕಿಗೆ ಸಮವಾಗಿ ನಿಂತರೆ ಆಗ ಮಾತ್ರ ಆ ಒಕ್ಕಲು ದುಡಿದಿದೆಯೆಂದು ಹೇಳಬಹುದು. ಊರಿಗೆ ಹತ್ತು ಗದ್ದೆಗಳಲ್ಲಿ, ಮೂರು ವರ್ಷ, ಈ ಮೂರು ತಾಕುಗಳನ್ನಿಟ್ಟು ಕಾಳನ್ನು ತೂಗಿ ನೋಡಿದರೆ, ಆ ಊರಿನ ಮಣ್ಣಿಗೆ ಯಾವುದು ಸಲ್ಲುವುದೆಂಬುದು ಯಾವ ಭಾಷಣವೂ ಇಲ್ಲದೆ ತಿಳಿದುಬಂದೀತು.

ಹಿಂದಿನವರು ಇದನ್ನೆಲ್ಲ ಬಲ್ಲವರಾಗಿದ್ದರೆಂದು ಹೇಳುವುದು ಅತಿಶಯೋಕ್ತಿ. ಅವರು ಬ್ಯಾಕ್ಟೀರಿಯಾವನ್ನು ಕಾಣಲಿಲ್ಲ. ಅವರ ಕಾಲದ ಇಳುವರಿಯಿಂದ ಇಂದಿನ ಜನಸಂಖ್ಯೆಯ ಹೊಟ್ಟೆ ತುಂಬಲಾರದು. ಆದರೂ ಕುಮ್ಕಿಯ ಸೊಪ್ಪನ್ನು ತಂದು ಹಟ್ಟಿಯಲ್ಲಿ ಹಾಸಿ ಕೊಳೆಯಿಸಿ ಗದ್ದೆಗೆ ಹೊತ್ತವರು, ಸುಡುಮಣ್ಣು ಮಾಡಿ ಹರಡಿದವರು, ಆ ಕಾಣದ ಒಕ್ಕಲಿಗೆ ಅರಿಯದೆಯೇ ಊಟವಿಕ್ಕಿದರು. ತುಳುನಾಡಿನ ಕೆಡ್ಡಸದ ಮೂರು ದಿನ ಭೂಮಿಯನ್ನು ಅಗೆಯಬಾರದು, ಉಳಬಾರದು; ಭೂಮಿಯು ಹೆಣ್ಣು, ಅವಳಿಗೆ ಆಗ ವಿಶ್ರಾಂತಿ ಬೇಕು ಎಂಬ ನಂಬಿಕೆ. ನಂಬಿಕೆಯನ್ನು ವಿಜ್ಞಾನವೆಂದು ಸಾಧಿಸಹೊರಡುವುದು ಬೇಡ. ಆದರೆ ಮಣ್ಣು ಜಡವಲ್ಲ, ಅದು ಜೀವಿಗಳ ನೆಲೆ ಎಂಬ ಗೌರವವು ಆ ಆಚರಣೆಯಲ್ಲಿತ್ತು. ಆ ಗೌರವವನ್ನು ಉಳಿಸಿಕೊಂಡು ಅದಕ್ಕೆ ತಕ್ಕಡಿಯನ್ನೂ ಸೂಕ್ಷ್ಮದರ್ಶಕವನ್ನೂ ಜೊತೆಗೂಡಿಸುವುದು ನಮ್ಮ ಕಾಲದ ಕೆಲಸ.

ವಿದ್ಯಾರ್ಥಿ ಮಿತ್ರರೇ, ಇದರಲ್ಲಿ ನಿಮಗೂ ಪಾಲಿದೆ. ಶಾಲೆಯ ಮಾಳಿಗೆಯ ಮೇಲೆ ಒಂದು ಕುಂಡದಲ್ಲಿ ನಾಲ್ಕು ಹೆಸರುಕಾಳು ಬಿತ್ತಿರಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲನೆ ಕಿತ್ತು ಬೇರನ್ನು ತೊಳೆದು ನೋಡಿರಿ. ಗಂಟುಗಳು ಕಂಡರೆ ಒಂದನ್ನು ಬ್ಲೇಡಿನಿಂದ ಸೀಳಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಆ ಒಕ್ಕಲು ದುಡಿಮೆಯಲ್ಲಿ ತೊಡಗಿದೆಯೆಂದು ತಿಳಿಯಿರಿ. ಪಕ್ಕದ ಕುಂಡದಲ್ಲಿ ಅದೇ ಕಾಳನ್ನು ಬಿತ್ತಿ, ಯೂರಿಯಾ ಕರಗಿಸಿದ ನೀರನ್ನು ಆಗಾಗ ಹನಿಸುತ್ತ ಬನ್ನಿರಿ. ಗಂಟುಗಳ ಸಂಖ್ಯೆಯನ್ನು ಹೋಲಿಸಿ ಬರೆದಿಡಿರಿ. ಹಸಿವಿಲ್ಲದವನು ದುಡಿಯನೆಂಬ ಮಾತನ್ನು ಯಾರೂ ಬೋಧಿಸದೆ ಕಲಿಯುವಿರಿ. ರಜೆಯಲ್ಲಿ ಊರಿಗೆ ಹೋದಾಗ ಗೊಬ್ಬರದ ಪೊಟ್ಟಣವನ್ನು ತಿರುಗಿಸಿ ತಯಾರಾದ ದಿನವನ್ನೂ ಅವಧಿ ತೀರುವ ದಿನವನ್ನೂ ಓದಿ ಅಜ್ಜನಿಗೆ ಹೇಳಿರಿ. ಮಾವನ ಗದ್ದೆಯಲ್ಲಿ ಮೂರು ತಾಕುಗಳನ್ನು ಇಡಿಸಬಲ್ಲಿರಾದರೆ ಇನ್ನೂ ಮೇಲು. ಓದಿದವರು ಪಟ್ಟಣಕ್ಕೆ ಹೋದರು, ಅವರಿಂದ ಗದ್ದೆಗೇನೂ ಬರಲಿಲ್ಲ ಎಂಬ ದೂರು ಊರಿನಲ್ಲಿದೆ. ಮನಿಯಾರ್ಡರಿನ ಕಾಲ ಮುಗಿಯಿತು. ತಿಳಿವಳಿಕೆಯನ್ನು ಕಳುಹಿಸುವ ಕಾಲವಾದರೂ ಬರಲಿ.

ಕರಾವಳಿಯ ಭತ್ತದ ಗದ್ದೆಗಳು ಈಗಾಗಲೇ ಬೇಕಾದಷ್ಟು ಹೊಡೆತ ತಿಂದಿವೆ. ಆಳು ಸಿಗದೆ ಕೆಲವು ಹಡಿಲು ಬಿದ್ದವು. ಕೆಲವು ಅಡಕೆ ತೋಟಗಳಾದವು. ಕೆಲವು ಮಣ್ಣು ತುಂಬಿ ಮನೆಗಳಾದವು. ಇನ್ನೂ ನೇಜಿ ನೆಡುತ್ತಿರುವವರು ಲಾಭಕ್ಕಿಂತ ಹೆಚ್ಚಾಗಿ ಅಭಿಮಾನದಿಂದ ನೆಡುತ್ತಿದ್ದಾರೆ. ಅವರ ಮುಂದೆ ಹೊಸ ವಿಧಾನವನ್ನು ಇಡುವಾಗ ಸುಳ್ಳನ್ನೂ ಅತಿಯಾಸೆಯನ್ನೂ ಇಡಬಾರದು. ಜೀವವಿರುವ ಪೊಟ್ಟಣ, ಅದಕ್ಕೆ ಉಣ್ಣಲು ಹಟ್ಟಿಗೊಬ್ಬರ, ಅಳತೆಯಲ್ಲಿ ತಗ್ಗಿಸಿದ ಯೂರಿಯಾ, ನಷ್ಟಕ್ಕೆ ಹೆಗಲು ಕೊಡುವ ಸರಕಾರ ಈ ನಾಲ್ಕೂ ಕೂಡಿದಲ್ಲಿ ಮಣ್ಣಿನೊಳಗಣ ಒಕ್ಕಲು ಮಣ್ಣಿನ ಮೇಲಣ ಒಕ್ಕಲನ್ನು ಕೈಬಿಡಲಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ದಂಡ ತೆರುವವನು ಮೇಲಿನವನೇ. ಆ ದಂಡವನ್ನು ಅವನ ತಲೆಗೆ ಕಟ್ಟದಿರುವುದು ಅವನ ಅನ್ನವನ್ನು ಉಣ್ಣುವ ನಮ್ಮೆಲ್ಲರ ಕರ್ತವ್ಯ.